ಎಡಗಡೇದು ಉಲ್ಟಾ

ಮನೆಯಲ್ಲೇ ಸೈಕಲ್ ರಿಪೇರಿ ಕಲಿಯಬೇಕೆಂದಿರುವವರು ಮೊದಲು ಮನೆಯವರನ್ನೆಲ್ಲ ಊರಿಗೆ ಕಳಿಸಬೇಕು. ಸ್ಪ್ಯಾನರ್, ಪಂಪು, ಪ್ಯಾಚು ಇವೆಲ್ಲ ಆಮೇಲಿನ ಮಾತು. ನಾನು ಆ ಎಚ್ಚರಿಕೆ ತೆಗೆದುಕೊಳ್ಳಲಿಲ್ಲ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಪೋರ್ಟಿಕೋದಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು, ಯಜಮಾನರು ಮೆಟ್ಟಿಲ ಮೇಲೆ ಪೇಪರ್ ಹರಡಿಕೊಂಡಿದ್ದರು. ಅವರಿಬ್ಬರ ಮಧ್ಯೆ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದೆ. ವಾಕಿಂಗ್ ಹೋಗುವವರಿಗೆಲ್ಲ ನಮ್ಮ ಗೇಟಿನ ಮುಂದೆ ನಿಂತು ಸಲಹೆ ಕೊಡುವ ಹಕ್ಕಿದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

ಸೈಕಲ್ ಮಗನದು, ಗೇರಿನದು. ಹಾಸ್ಟೆಲಿಗೆ ಹೋಗುವಾಗ "ಮಾರಬೇಡಮ್ಮ, ಹಾಗೇ ಇಟ್ಟಿರು" ಅಂದಿದ್ದ. ಹಾಗೇ ಇಟ್ಟಿದ್ದೆವು. ವರ್ಷಕ್ಕೊಂದು ಸಲ, ಆಯುಧಪೂಜೆಯ ದಿನ ಮಾತ್ರ ಅದಕ್ಕೆ ಬೆಳಕು ಕಾಣಿಸುತ್ತಿತ್ತು. ಯಜಮಾನರು ಕಾರು, ಸ್ಕೂಟರಿನ ಜೊತೆಗೆ ಅದಕ್ಕೂ ಪೈಪಿನಲ್ಲಿ ರಭಸವಾಗಿ ನೀರು ಹೊಡೆದು, ಹ್ಯಾಂಡಲಿಗೆ ಚೆಂಡುಹೂವಿನ ಹಾರ ಹಾಕಿ, ಹಿಂದಿನ ಗೇರಿನ ಹಲ್ಲುಹಲ್ಲಿಗೂ ಅರಿಶಿನ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದರು. ಕಾರು ಹತ್ತಿದರೆ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತಿತ್ತು. ಸೈಕಲ್ ಹತ್ತಿದರೆ ಟೈರೇ ಅಪ್ಪಚ್ಚಿಯಾಗಿ ನಿಂಬೆಹಣ್ಣು ಹೊಳೆಯುತ್ತಾ ಹಾಗೇ ಉಳಿಯುತ್ತಿತ್ತು. ಅದರಲ್ಲೇ ಮಾರನೇ ದಿನ ಚಿತ್ರಾನ್ನ ಮಾಡಬಹುದಿತ್ತು. ಮಾಡಿದ್ದೆನೋ ಇಲ್ಲವೋ ಎಂದು ನೀವು ಕೇಳಬಾರದು. ಈಗ ತಿಳಿದಿರುವುದೇನೆಂದರೆ, ಸೈಕಲ್ಲಿಗೆ ಪೈಪಿನ ನೀರೇ ಬೇಕಿಲ್ಲ. ರಭಸಕ್ಕೆ ಚಕ್ರದ ನಡುವಿನ ಗುಂಡುಗಳ ಗ್ರೀಸ್ ತೊಳೆದುಹೋಗುತ್ತದೆ, ಒರೆಸದೆ ಬಿಟ್ಟ ಚೈನು ತುಕ್ಕು ಹಿಡಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದರೆ ಮುಗಿಯಿತು. ಕುಂಕುಮವನ್ನು ಹ್ಯಾಂಡಲಿಗೆ ಮಾತ್ರ ಇಡಿ. ದೇವರು ಚೈನಿನವರೆಗೂ ಇಳಿಯಬೇಕೆಂಬ ನಿಯಮವೇನಿಲ್ಲ.

ಇಂಥ ಸೈಕಲ್ಲನ್ನು ನಾನು ಎಬ್ಬಿಸಲು ಹೊರಟಿದ್ದಕ್ಕೆ ಕಾರಣ ಡಾಕ್ಟರು. ಸಕ್ಕರೆ ಗಡಿಯಲ್ಲಿ ನಿಂತಿದೆ ಅಂದರು. ಜೊತೆಗೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಸುತ್ತ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ನನಗೆ ಯಾವ ತರಕಾರಿ ತರಲು ಬಂದೆ ಎಂಬುದೇ ಮರೆತುಹೋಗುತ್ತಿತ್ತು. ಅದೇ ಜಯನಗರದಲ್ಲಿ 2012ರಲ್ಲಿ ಸೈಕಲ್ಲಿಗೆಂದೇ ರಸ್ತೆಯಂಚಿಗೆ ಪಟ್ಟೆ ಬಳಿದು ದಾರಿ ಬಿಟ್ಟುಕೊಟ್ಟಿದ್ದರು. ಆ ಪಟ್ಟೆಯೊಳಗೆ ಕಾರು ನಿಲ್ಲಿಸಿದವರಲ್ಲಿ ನಮ್ಮ ಯಜಮಾನರೂ ಒಬ್ಬರು, ಪಕ್ಕದ ಸೀಟಿನಲ್ಲಿ ಕೂತು "ಇಲ್ಲಿ ಜಾಗ ಇದೆ ನೋಡ್ರಿ" ಎಂದವಳು ನಾನು.

ಮೊದಲು ಗಾಳಿ. ಇದರಲ್ಲೇನಿದೆ ಕಲಿಯುವುದು ಎಂದುಕೊಂಡು ಸೈಕಲ್ಲನ್ನು ಪೆಟ್ರೋಲ್ ಬಂಕಿಗೆ ತಳ್ಳಿಕೊಂಡು ಹೋದೆ. ಗಾಳಿ ಹಾಕುವ ಹುಡುಗ ತನ್ನ ಪೈಪಿನ ಮೂತಿಯನ್ನು ಟ್ಯೂಬಿನ ಮೂತಿಗೆ ಒತ್ತಿ ಹಿಡಿದ. ಇದ್ದಬದ್ದ ಗಾಳಿಯೂ ಸುಯ್ಯೆಂದಿತು. "ಇದು ನಮ್ದಲ್ಲ ಮೇಡಂ" ಎಂದು ಮುಂದಿನ ಆಟೋದ ಕಡೆ ತಿರುಗಿದ. ಬಿಟ್ಟು ಬರುವ ಹಾಗಿಲ್ಲ, ತುಳಿದುಕೊಂಡು ಬರುವ ಹಾಗಿಲ್ಲ. ತಳ್ಳಿಕೊಂಡೇ ಬಂದೆ. ಡಾಕ್ಟರು ಹೇಳಿದ ವ್ಯಾಯಾಮ ಹೀಗೆ ಆರಂಭವಾಯಿತು.

ಮೂತಿಗಳಲ್ಲಿ ಮೂರು ಜಾತಿ. ಹಳೇ ಕಪ್ಪು ಸೈಕಲ್ಲುಗಳದ್ದು ಒಂದು. ಒಳಗಿನ ಕಡ್ಡಿಗೆ ತೆಳ್ಳನೆಯ ರಬ್ಬರಿನ ವಾಲ್ ಟ್ಯೂಬ್ ತೊಡಿಸಿರುತ್ತಾರೆ. ಎರಡನೆಯದು ಕಾರು, ಸ್ಕೂಟರಿಗೆ ಇರುವಂಥ ದಪ್ಪನೆಯದು, ಬಂಕಿನ ಪೈಪು ಒಗ್ಗುವುದು ಇದಕ್ಕೇ. ಮೂರನೆಯದು ಸಣಕಲು, ಪ್ರೆಸ್ಟಾ ಎಂದು ಹೆಸರು, ದುಬಾರಿ ಸೈಕಲ್ಲುಗಳಲ್ಲಿ ಹೆಚ್ಚು. ಇದರ ತುದಿಯಲ್ಲೊಂದು ಪುಟ್ಟ ನಟ್ಟು ಇರುತ್ತದೆ. ಅದನ್ನು ಸಡಿಲಿಸಿ, ಬೆರಳಿನಿಂದ ಒಮ್ಮೆ ಒತ್ತಿ ಬಿಟ್ಟು, ಆಮೇಲೆ ಪಂಪು ಕೂರಿಸಬೇಕು. ಗಾಳಿ ತುಂಬಿದ ಮೇಲೆ ಮತ್ತೆ ಬಿಗಿ ಮಾಡಬೇಕು. ಆ ನಟ್ಟು ಪೂರ್ತಿ ಕಳಚಿ ಕೈಗೆ ಬರುವಂಥದ್ದಲ್ಲ. ಬರಿಸಿಯೇ ತೀರುತ್ತೇನೆ ಎಂದು ಹಠ ಹಿಡಿದರೆ ಕಡ್ಡಿ ಬಾಗುತ್ತದೆ. ನಮ್ಮದು ಬಾಗಿದೆ. ಬಂಕಿನಲ್ಲೇ ಗಾಳಿ ಬೇಕೆಂದರೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ಕಳೆದುಹೋಗುವುದೇ ಅದರ ಮುಖ್ಯ ಗುಣ. ನಿಂತು ಎರಡು ಕೈಯಲ್ಲಿ ಒತ್ತುವ ಪಂಪೊಂದನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ವಾಸಿ.

ಎಷ್ಟು ಗಾಳಿ? ಟೈರಿನ ಪಕ್ಕೆಯಲ್ಲೇ ಅಚ್ಚೊತ್ತಿರುತ್ತದೆ. ನಮ್ಮದರಲ್ಲಿ 40ರಿಂದ 65 ಪಿ.ಎಸ್.ಐ. ಎಂದಿತ್ತು. ಮಗನಿಗೆ ಫೋನ್ ಮಾಡಿ "40ರಿಂದ 65 ಅಂದ್ರೆ ಎಷ್ಟೋ?" ಎಂದು ಕೇಳಿದೆ. "ಅಮ್ಮ, ಕ್ಲಾಸಲ್ಲಿದೀನಿ" ಎಂದು ಪಿಸುಗುಟ್ಟಿದ. ಉತ್ತರ ಕೊಟ್ಟವರು ಅತ್ತೆ. ಅವರೆಕಾಯಿ ಬಿಟ್ಟು ಎದ್ದು ಬಂದು ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿದರು. "ನೆನೆಸಿದ ಅವರೆಕಾಳು ಹಿತುಕುವಾಗ ಹೆಬ್ಬೆರಳು ಎಷ್ಟು ಒಳಗೆ ಹೋಗತ್ತೋ ಅಷ್ಟು ಹೋದ್ರೆ ಗಾಳಿ ಸಾಲದು. ಹಸಿ ಕಾಳಿನಷ್ಟು ಗಟ್ಟಿ ಇರಬೇಕು, ಹೊಡಿ ಇನ್ನೂ" ಅಂದರು. ಹೊಡೆದೆ. "ಈಗ ಮೂತಿಗೆ ಒಂಚೂರು ಎಂಜಲು ಹಚ್ಚಿ ನೋಡು. ಗುಳ್ಳೆ ಬಂದ್ರೆ ಅಲ್ಲೇ ಲೀಕು."

ನಾನು ತಬ್ಬಿಬ್ಬಾದೆ. ಅನ್ನದ ಪಾತ್ರೆ ಮುಟ್ಟಿದ ಕೈ ತೊಳೆಯದೆ ಮೊಸರಿನ ಪಾತ್ರೆ ಮುಟ್ಟಿದರೆ ಮನೆ ಅಲ್ಲೋಲಕಲ್ಲೋಲ ಮಾಡುವ ಅತ್ತೆ, ಮದುವೆಯಾಗಿ ಬಂದಾಗಿನಿಂದ ಮೊದಲ ಸಲ ಎಂಜಲಿಗೆ ಅನುಮತಿ ಕೊಟ್ಟಿದ್ದರು. ಹಚ್ಚಿದೆ. ಗುಳ್ಳೆ ಬರಲಿಲ್ಲ. ಆದರೂ ಸಂಜೆಯೊಳಗೆ ಟೈರು ನೆಲಕಚ್ಚಿತು. ಅಂದರೆ ಪಂಕ್ಚರ್.

"ಜಾನ್ ಬಾಯ್ಡ್ ಡನ್ಲಪ್ ಅಂತ ಬೆಲ್‌ಫಾಸ್ಟಿನಲ್ಲಿ ದನದ ಡಾಕ್ಟರು ಒಬ್ರಿದ್ರು, ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಸುತ್ತಿ 1888ರಲ್ಲಿ ಪೇಟೆಂಟ್ ತಗೊಂಡ್ರು. ಮನೆಯಲ್ಲೇ ಮಾಡಿದ್ದು ನೋಡು" ಎಂದು ಯಜಮಾನರು ಮೊಬೈಲಿನಲ್ಲಿ ಓದಿ ಹುರಿದುಂಬಿಸಿದರು. ಇವರದು ಯಾವಾಗಲೂ ಇಂಥದೇ ಸಹಾಯ. ಮಿಕ್ಸಿ ಕೆಟ್ಟಾಗಲೂ ವಿದ್ಯುತ್ತಿನ ಇತಿಹಾಸದಿಂದ ಶುರು ಮಾಡಿದ್ದರು.

ಟೈರು ಬಿಚ್ಚಲು ಪ್ಲಾಸ್ಟಿಕ್ಕಿನ ಲಿವರ್ ಬರುತ್ತದೆ, ಬೆಲೆಯೂ ಅಂಥ ಹೆಚ್ಚಲ್ಲ. ಇಷ್ಟಕ್ಕೆಲ್ಲ ದುಡ್ಡು ಯಾಕೆ ಎಂದು ನಾನು ಅಡುಗೆಮನೆಯಿಂದ ಎರಡು ಸ್ಟೀಲ್ ಚಮಚ ಮತ್ತು ದೋಸೆ ಮಗುಚುವ ಕೈ ತಂದೆ. ಟೈರು ಬಿಚ್ಚಿತು, ನಿಜ. ಚಮಚ ಎರಡೂ ಸೊಟ್ಟಗಾದವು, ದೋಸೆ ಕೈಯ ಅಂಚು ಟ್ಯೂಬನ್ನು ರಿಮ್ಮಿಗೆ ಸೇರಿಸಿ ಕಚ್ಚಿ ಒಂದು ತೂತಿದ್ದ ಕಡೆ ಮೂರಾದವು. ಬಕೆಟ್ಟಿನ ನೀರಿನಲ್ಲಿ ಟ್ಯೂಬನ್ನು ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತ ಹಿಂಡಿದಾಗ ಗುಳ್ಳೆಗಳು ಸಾಲಾಗಿ ಎದ್ದು ನನ್ನ ಮಾನ ಹರಾಜು ಹಾಕಿದವು. ಗೇಟಿನಾಚೆ ನಿಂತಿದ್ದ ಎದುರುಮನೆಯ ರಾಯರು "ಓ, ಮೂರು!" ಎಂದು ಎಣಿಸಿದರು.

ಪ್ಯಾಚ್ ಹಾಕುವುದರಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ತೂತಿನ ಸುತ್ತ ಸ್ಯಾಂಡ್‌ಪೇಪರಿನಿಂದ ಉಜ್ಜಿ ಹೊಳಪು ತೆಗೆದು ಸಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚ್ ಒತ್ತಿಬಿಡಬೇಕೆಂದು ಕೈ ತುರಿಸುತ್ತದೆ. ಒತ್ತಬಾರದು. ಸಲ್ಯೂಷನ್ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರುವವರೆಗೆ ಕಾಯಬೇಕು. ಹಸಿ ಇದ್ದಾಗ ಅಂಟಿಸಿದ ಪ್ಯಾಚು ಜಾರುತ್ತದೆ. ಆರುವುದಕ್ಕೆ ಐದು ನಿಮಿಷ ಸಾಕು. ಒಂದು ಲೋಟ ಫಿಲ್ಟರ್ ಕಾಫಿ ಬೆರೆಸಿ ಕುಡಿಯುವಷ್ಟು ಹೊತ್ತು. ನಾನು ಕಾಫಿಗೆ ಒಳಗೆ ಹೋದೆ. ಬರುವಷ್ಟರಲ್ಲಿ ಯಜಮಾನರು ಸಲ್ಯೂಷನ್ ಒಣಗಿಹೋಯ್ತೆಂದು ಮರುಕಪಟ್ಟು ಇನ್ನೊಂದು ಸಲ ದಪ್ಪಗೆ ಬಳಿದಿದ್ದರು.

ಇಷ್ಟಾದರೂ ಟೈರು ಮತ್ತೆ ಮಲಗಿತು. ಮುಳ್ಳು ಇನ್ನೂ ಟೈರಿನಲ್ಲೇ ಇದ್ದರೆ ಪ್ಯಾಚಿನ ಮೇಲೆ ಪ್ಯಾಚು ಹಾಕುವುದೊಂದೇ ಬದುಕಾಗುತ್ತದೆ. ಟೈರಿನ ಒಳಗೆ ಬರಿ ಬೆರಳು ಆಡಿಸಿದರೆ ಬೆರಳಿಗೂ ಪಂಕ್ಚರ್. ಹಳೇ ಹತ್ತಿ ಬಟ್ಟೆಯನ್ನು ಒಳಗೆ ಸುತ್ತಲೂ ಎಳೆಯಬೇಕು, ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿದೆ ಎಂದರ್ಥ. ಈ ಉಪಾಯವನ್ನೂ ಹೇಳಿದವರು ಅತ್ತೆಯೇ. ಎಳೆಯಲು ನಾನು ಕೈಗೆ ಸಿಕ್ಕಿದ ಬಟ್ಟೆ ತೆಗೆದುಕೊಂಡೆ. ಮುಳ್ಳು ಸಿಕ್ಕಿತು, ತುರಹಳ್ಳಿ ಕಾಡಿನಲ್ಲಿ ಮಗ ಗೆಳೆಯರ ಜೊತೆ ಮಣ್ಣುದಾರಿಯಲ್ಲಿ ಸೈಕಲ್ ಹೊಡೆಯುತ್ತಿದ್ದ ಕಾಲದ ಜಾಲಿ ಮುಳ್ಳು. ಬಟ್ಟೆ ಅತ್ತೆಯವರ ಮಡಿಪಂಚೆಯಾಗಿತ್ತು. ಆ ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ.

ಇನ್ನು ಪೆಡಲ್. ಬಲಗಡೆಯದು ಒಡೆದು ಅರ್ಧ ಉಳಿದಿತ್ತು, ಎಡಗಡೆಯದು ತುಳಿದಾಗಲೆಲ್ಲ ಗೋಳಾಡುತ್ತಿತ್ತು. ಹೊಸ ಜೋಡಿ ತಂದೆ. ಬಲಗಡೆಯದು ಸುಲಭವಾಗಿ ಬಿಚ್ಚಿಕೊಂಡಿತು. ಎಡಗಡೆಯದು ಅಲ್ಲಾಡಲಿಲ್ಲ. ಸ್ಪ್ಯಾನರ್ ಹಿಡಿದು ಎಳೆದೆ, ನೇತಾಡಿದೆ. "ನೀನು ಸರಿ, ಇದಕ್ಕೆ ಗಂಡಸರ ಕೈ ಬೇಕು" ಎಂದು ಯಜಮಾನರು ಪೇಪರ್ ಮಡಚಿ ಎದ್ದರು. ಪಂಚೆ ಎತ್ತಿ ಕಟ್ಟಿದರು. ಸ್ಪ್ಯಾನರಿನ ಮೇಲೆ ಒಂದು ಕಾಲಿಟ್ಟು ನಿಂತರು. ಎದುರುಮನೆಯ ರಾಯರೂ ಗೇಟು ತೆಗೆದು ಒಳಗೆ ಬಂದು ಸೈಕಲ್ಲನ್ನು ಹಿಡಿದುಕೊಂಡರು. ಇಬ್ಬರು ನಿವೃತ್ತಿಯ ಅಂಚಿನ ಗಂಡಸರು ಬೆವರು ಸುರಿಸಿ ಆ ಪೆಡಲನ್ನು, ಈಗ ಹೇಳಬಲ್ಲೆ, ಭಗೀರಥ ಪ್ರಯತ್ನ ಮಾಡಿ ಇನ್ನಷ್ಟು ಬಿಗಿ ಮಾಡಿದರು.

"ಎಡಗಡೇದು ಉಲ್ಟಾ ಕಣಪ್ಪಾ" ಎಂದು ಕುರ್ಚಿಯಿಂದ ದನಿ ಬಂತು.

ಎಲ್ಲರೂ ತಿರುಗಿದೆವು. ಅತ್ತೆ ತಲೆಯೆತ್ತದೆ ಅವರೆಕಾಯಿ ಸುಲಿಯುತ್ತಲೇ ಇದ್ದರು. "ಎಡಗಡೆ ಪೆಡಲಿನ ಮರೆ ಉಲ್ಟಾ ಇರತ್ತೆ. ಇಲ್ದಿದ್ರೆ ತುಳೀತಾ ತುಳೀತಾ ತಾನೇ ಬಿಚ್ಚಿ ಬಿದ್ಹೋಗತ್ತೆ. ಬಿಗಿ ಮಾಡೋಕೆ ಎರಡೂ ಕಡೆ ಮುಂದಿನ ಚಕ್ರದ ಕಡೆಗೆ ತಿರುಗಿಸಬೇಕು, ಬಿಚ್ಚೋಕೆ ಹಿಂದಿನ ಚಕ್ರದ ಕಡೆಗೆ. ಮೊದಲು ಆ ಸೈಕಲ್ಲನ್ನ ನೆಟ್ಟಗೆ ನಿಲ್ಸಿ, ಸ್ಪ್ಯಾನರ್ ಮೇಲ್ಮುಖವಾಗಿ ಹಾಕಿ."

"ಅಮ್ಮ, ನಿನಗೆ ಹೇಗೆ ಗೊತ್ತು ಇದೆಲ್ಲ?"

"ತಿಪಟೂರಲ್ಲಿ ನಮ್ಮಪ್ಪ ಸೈಕಲ್ ಶಾಪ್ ಇಟ್ಟಿರಲಿಲ್ವೇ? ಗಂಟೆ ಬಾಡಿಗೆಗೆ ಕೊಡ್ತಿದ್ರು. ಹಿತ್ಲಲ್ಲಿ ಕೂತು ಪಂಕ್ಚರ್ ಹಾಕ್ತಿದ್ದೋಳು ನಾನೇ."

"ನೀನು ಯಾವತ್ತೂ ಹೇಳ್ಲಿಲ್ಲ!"

"ನೀನು ಯಾವತ್ತು ಕೇಳ್ದೆ?"

ಯಜಮಾನರ ಪಂಚೆ ತಾನಾಗಿ ಕೆಳಗಿಳಿಯಿತು. ತಾತ ವ್ಯಾಪಾರಸ್ಥರು ಎಂದಷ್ಟೇ ಇವರಿಗೆ ಗೊತ್ತಿದ್ದದ್ದು. ಮದುವೆ ಮಾತುಕತೆಯಲ್ಲಿ ನಮ್ಮ ಮನೆಯವರಿಗೂ ಹಾಗೇ ಹೇಳಿದ್ದರು. "ಹಾಗಾದ್ರೆ ನಿಮಗೆ ಸೈಕಲ್ ಹೊಡೆಯೋಕೂ ಬರತ್ತಾ ಅತ್ತೆ?" ಎಂದೆ. "ಹೆಣ್ಮಕ್ಕಳಿಗೆ ಪಂಕ್ಚರ್ ಹಾಕೋಕೆ ಬಿಡ್ತಿದ್ರು, ಹತ್ತೋಕೆ ಬಿಡ್ತಿರಲಿಲ್ಲ" ಎಂದು ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಮಾಡಿದರು. 2006ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಹಂಚಲು ಶುರು ಮಾಡಿದ್ದನ್ನು ಟಿವಿಯಲ್ಲಿ ತೋರಿಸಿದಾಗ ಅತ್ತೆ ಧಾರಾವಾಹಿ ಬಿಟ್ಟು ಸುದ್ದಿ ನೋಡುತ್ತ ಕೂತಿದ್ದು ನನಗೆ ನೆನಪಿದೆ. ಎರಡು ಜಡೆಯ ಹುಡುಗಿಯರು ಸಾಲಾಗಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. "ಬ್ರೇಕ್ ಶೂ ಸರಿಯಾಗಿ ಕೂರಿಸಿಲ್ಲ" ಎಂದಿದ್ದರು ಅತ್ತೆ. ಆಗ ನಾನು ಅದನ್ನು ವಯಸ್ಸಾದವರ ಮಾತು ಎಂದು ಬಿಟ್ಟುಬಿಟ್ಟೆ.

ಅವತ್ತಿನಿಂದ ನಮ್ಮ ಪೋರ್ಟಿಕೋದ ಆಡಳಿತ ಬದಲಾಯಿತು. ನಾನು ಸಹಾಯಕಿ, ಯಜಮಾನರು ಒರೆಸುವ ಬಟ್ಟೆ.

ಆದರೂ ಅತ್ತೆ ಮಧ್ಯಾಹ್ನ ಮಲಗಿದ್ದಾಗ ಸ್ವತಂತ್ರವಾಗಿ ಒಂದು ಕೆಲಸ ಮಾಡಿದೆ: ಎಣ್ಣೆ ಹಾಕಿದೆ. ಚೈನು ಒಣಗಿ ಕಿರುಗುಟ್ಟುತ್ತಿತ್ತು, ಮನೆಯಲ್ಲಿ ಶುದ್ಧ ಕೊಬ್ಬರಿ ಎಣ್ಣೆ ಇತ್ತು. ಧಾರಾಳವಾಗಿ ಸುರಿದೆ. ಚೈನಿಗೆ, ಪೆಡಲಿಗೆ, ಗೇರಿಗೆ, ಎಲ್ಲೂ ಬೇಸರವಾಗದಿರಲೆಂದು ಚಕ್ರದ ರಿಮ್ಮಿಗೂ. ಹಣೆಗೊಂದಿಷ್ಟು ಹಚ್ಚುವುದಷ್ಟೇ ಬಾಕಿ. ಬೆಂಗಳೂರಿನ ಡಿಸೆಂಬರ್ ಅದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮಲ್ಲಿ ಬೆಳಗಿನ ಜಾವಕ್ಕೆ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಬೆಳಿಗ್ಗೆ ನೋಡಿದರೆ ಚೈನಿನ ಸಂದುಸಂದಿನಲ್ಲಿ ಬಿಳಿ ಗಟ್ಟಿ, ಅದರೊಳಗೆ ಆಯುಧಪೂಜೆಯ ಕುಂಕುಮದ ಪಳೆಯುಳಿಕೆ. ಪೆಡಲ್ ತುಳಿದರೆ ಗೇರು ಯೋಚನೆ ಮಾಡಿ ಮುಂದೆ ಹೋಗುತ್ತಿತ್ತು. ಆದರೂ ಹತ್ತಿದೆ. ನಮ್ಮ ಬೀದಿ ಕೊನೆಯಲ್ಲಿ ಇಳಿಜಾರು. ಬ್ರೇಕ್ ಹಿಡಿದೆ, ಹಿಡಿಯಲಿಲ್ಲ. ಎಣ್ಣೆ ಕುಡಿದ ರಿಮ್ಮಿನ ಮೇಲೆ ರಬ್ಬರ್ ಜಾರುತ್ತಿತ್ತು. "ಸರೀರೀ ಸರೀರೀ" ಎಂದು ಕೂಗುತ್ತ, ಎರಡೂ ಚಪ್ಪಲಿ ನೆಲಕ್ಕೆ ಉಜ್ಜುತ್ತ, ಕೊನೆಗೆ ಸೊಪ್ಪಿನ ಗಾಡಿಯನ್ನು ತಬ್ಬಿಕೊಂಡು ನಿಂತೆ. ಹಾಗೆ ತಬ್ಬಿಕೊಂಡ ಮೇಲೆ ಬರಿಗೈಯಲ್ಲಿ ಬರುವುದು ಚೆನ್ನಾಗಿರುವುದಿಲ್ಲ. ಆ ವಾರವೆಲ್ಲ ನಮ್ಮ ಮನೆಯಲ್ಲಿ ದಂಟಿನ ಸೊಪ್ಪು.

"ತಿಪಟೂರಿನೋಳು ನಾನೇ ಹೇಳ್ತಿದೀನಿ" ಅಂದರು ಅತ್ತೆ, "ಕೊಬ್ಬರಿ ಎಣ್ಣೆ ತಲೆಗೆ." ಚೈನಿಗೆ ಚೈನಿನದೇ ಎಣ್ಣೆ ಬರುತ್ತದೆ, ಇಲ್ಲದಿದ್ದರೆ ಹೊಲಿಗೆ ಮೆಷಿನ್ನಿನ ಎಣ್ಣೆ ಸದ್ಯಕ್ಕೆ ನಡೆಯುತ್ತದೆ, ತೆಳ್ಳಗಿರುವುದರಿಂದ ಬೇಗ ಬೇಗ ಹಾಕಬೇಕು. ಮೊದಲು ಹಳೇ ಬ್ರಷ್ಷಿನಲ್ಲಿ ಕೊಳೆ ಉಜ್ಜಿ ಒರೆಸಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಚೈನಿನ ಒಂದೊಂದು ಕೊಂಡಿಗೂ ಒಂದೊಂದು ಹನಿ. ಸ್ವಲ್ಪ ಹೊತ್ತು ಬಿಟ್ಟು ಹೊರಗಡೆ ಉಳಿದದ್ದನ್ನೆಲ್ಲ ಒರೆಸಿಬಿಡಬೇಕು. ಎಣ್ಣೆಯ ಕೆಲಸ ಕೊಂಡಿಯ ಒಳಗೆ. ಹೊರಗೆ ಹೊಳೆಯುವ ಎಣ್ಣೆ ನಮ್ಮ ರಸ್ತೆಗಳ ದೂಳನ್ನು ಕರೆದು ಕೂರಿಸುತ್ತದೆ. ಬ್ರೇಕ್ ಹಿಡಿಯುವ ಜಾಗಕ್ಕೆ, ಅದು ರಿಮ್ಮೇ ಇರಲಿ ಡಿಸ್ಕೇ ಇರಲಿ, ಎಣ್ಣೆಯ ಗಾಳಿಯೂ ಸೋಕಕೂಡದು. ನಮ್ಮ ರಿಮ್ಮನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿದ್ದು ಯಜಮಾನರು. ಆಮೇಲೆ ಅಭ್ಯಾಸಬಲದಿಂದ ಕೆಲವು ಪಾತ್ರೆಗಳನ್ನೂ ತೊಳೆದರು, ಲಾಭವೇ ಆಯಿತು.

ಚೈನು ಸವೆದಿದೆಯೋ ಇಲ್ಲವೋ ನೋಡುವುದಕ್ಕೆ ಮಕ್ಕಳ ಸ್ಟೀಲ್ ಸ್ಕೇಲು ಸಾಕು. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಹಿಡಿದು ಇಪ್ಪತ್ತನಾಲ್ಕು ಪಿನ್ನು ಎಣಿಸಿದರೆ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗದಷ್ಟು ದಾಟಿದ್ದರೆ ಚೈನು ಬದಲಿಸಬೇಕು, ಇಲ್ಲದಿದ್ದರೆ ಅದು ಗೇರಿನ ಹಲ್ಲುಗಳನ್ನೂ ತಿನ್ನುತ್ತದೆ. ನಾನು ಎಣಿಸುವಾಗ ಹಾಲಿನವರು ಬಂದರು, ಮತ್ತೆ ಮೊದಲಿನಿಂದ; ಕೊರಿಯರ್ ಬಂತು, ಮತ್ತೆ ಮೊದಲಿನಿಂದ. ಕೊನೆಗೆ ನಮ್ಮ ಚೈನಿನ ಉದ್ದದ ಬಗ್ಗೆ ನನ್ನದೊಂದು, ಯಜಮಾನರದೊಂದು, ಎದುರುಮನೆಯ ರಾಯರದೊಂದು ಅಭಿಪ್ರಾಯ ಉಳಿದವು.

ಕೈ ಹಾಕಬಾರದ ಕೆಲಸವೂ ಒಂದಿದೆ: ಚಕ್ರದ ಬೆಂಡ್ ತೆಗೆಯುವುದು. ಹಿಂದಿನ ಚಕ್ರ ಒಂಚೂರು ಓಲಾಡುತ್ತಿತ್ತು. ಎಡಗಡೆ ಹೋದ ಸ್ಪೋಕ್ ರಿಮ್ಮನ್ನು ಎಡಕ್ಕೆ ಎಳೆಯುತ್ತದೆ, ಬಲಗಡೆಯದು ಬಲಕ್ಕೆ. ಓಲಿದ ಜಾಗದಲ್ಲಿ ಎದುರು ಬದಿಯ ಸ್ಪೋಕನ್ನು ಕಾಲು ಸುತ್ತು ಬಿಗಿ ಮಾಡಿ, ನೋಡಿ, ಮತ್ತೆ ಕಾಲು ಸುತ್ತು. ಬರೆಯಲು ಎಷ್ಟು ಸುಲಭ! ನಾನು ಸ್ಪೋಕ್ ಕೀ ಹಿಡಿದು, ಯಾವುದಕ್ಕೂ ಪಕ್ಷಪಾತವಾಗಬಾರದೆಂದು ಎಲ್ಲವನ್ನೂ ಬಿಗಿ ಮಾಡಿದೆ. ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಎರಡು ಕಡೆಯ ಬ್ರೇಕಿಗೂ ಸರದಿಯಂತೆ ತಗುಲುತ್ತಿತ್ತು. ಅತ್ತೆಯವರು ಕನ್ನಡಕ ಹಾಕಿಕೊಂಡು ನೋಡಿ "ಇದು ಅಂಗಡಿಗೇ" ಎಂದು ತೀರ್ಪು ಕೊಟ್ಟರು.

ಅಂಗಡಿ ಅಂದರೆ ಮರದಡಿ ಒಂದು ಪಂಪು, ಕಪ್ಪು ನೀರಿನ ಬೋಗುಣಿ, ನೇತುಹಾಕಿದ ಟೈರುಗಳು. ಅಂಗಡಿಯಾತ ಚಕ್ರವನ್ನು ಒಮ್ಮೆ ತಿರುಗಿಸಿ, ನನ್ನ ಮುಖ ನೋಡಿ, "ಅಕ್ಕಾ, ಇದನ್ನ ಯಾರು ಮುಟ್ಟಿದ್ದು?" ಎಂದ.

"ನಮ್ಮ ಯಜಮಾನ್ರು" ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ಇಷ್ಟೂ ಉಪಯೋಗಕ್ಕೆ ಬಾರದಿದ್ದರೆ ಹೇಗೆ?

ಆತ ಸೀಮೆಸುಣ್ಣದ ತುಂಡನ್ನು ರಿಮ್ಮಿನ ಹತ್ತಿರ ಹಿಡಿದು ಚಕ್ರ ತಿರುಗಿಸಿದ. ಸುಣ್ಣ ತಗುಲಿದ ಕಡೆ ಓಲುವಿಕೆ. ಅಲ್ಲಲ್ಲಿ ಒಂದೊಂದು ಸ್ಪೋಕನ್ನು ಮುದ್ದಿಸಿದ ಹಾಗೆ ತಿರುಗಿಸಿದ. ಕೇಳಿದ ದುಡ್ಡು ನಾನು ಹಾಳುಮಾಡಿದ ಚಮಚಗಳ ಬೆಲೆಗಿಂತ ಕಡಿಮೆ. ಈಗ ಮಕ್ಕಳೆಲ್ಲ ಸ್ಕೂಟರಿಗೆ ಹೋಗಿಬಿಡುತ್ತಾರೆ, ಸೈಕಲ್ ಬರುವುದು ಕಮ್ಮಿ ಅಂದ. ನಮ್ಮ ದೇಶದ ಅಟ್ಲಾಸ್ ಸೈಕಲ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನ.

ಹಾಗೆಂದು ಸೈಕಲ್ಲುಗಳಿಲ್ಲ ಎಂದಲ್ಲ. ಬಿಟಿಎಂ ಲೇಔಟಿನಲ್ಲೋ ಜೆ.ಪಿ. ನಗರದಲ್ಲೋ ಯಾವುದೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ನೋಡಿ, ಕಂಬಕ್ಕೆ ಬೀಗ ಹಾಕಿದ ಸೈಕಲ್ಲುಗಳು ಗಾಳಿ ಬಿಟ್ಟು ದೂಳು ಹೊದ್ದು ನಿಂತಿರುತ್ತವೆ. ಗಾಳಿಯಿಲ್ಲದೆ ನಿಂತ ಟೈರು ಓಡದೆಯೂ ಪಕ್ಕೆಯಲ್ಲಿ ಬಿರುಕು ಬಿಡುತ್ತದೆ. ನಿಮ್ಮದೊಂದು ಅಲ್ಲಿದ್ದರೆ ಈ ಭಾನುವಾರ ಅದರ ಬೀಗ ತೆಗೆಯಿರಿ. ಬೀಗದ ಕೈ ಸಿಗದಿದ್ದರೆ ಫ್ರಿಜ್ಜಿನ ಮೇಲೆ ಹುಡುಕಿ. ಗಾಳಿ ತುಂಬಿ, ಬ್ರೇಕ್ ಹಿಡಿದು ನೋಡಿ, ಚೈನಿಗೆ ಎಣ್ಣೆ ಬಿಡಿ. ಉಳಿದದ್ದನ್ನು ಮರದಡಿಯವರಿಗೆ ಬಿಡಿ, ಅವರೂ ಬದುಕಬೇಕು. ಪೆಡಲ್ ಬಿಚ್ಚುವುದಾದರೆ ಬೇಕಾದದ್ದು 15ನೇ ನಂಬರಿನ ಸ್ಪ್ಯಾನರ್. ಒಂದು ಕೊಂಡುಕೊಳ್ಳಿ. ನಮ್ಮದನ್ನು ಕೇಳಿಕೊಂಡು ಬರಬೇಡಿ: ಅದು ಅತ್ತೆಯವರ ಬೀರುವಿನಲ್ಲಿದೆ, ಎರಡನೆಯ ಖಾನೆಯಲ್ಲಿ, ಮತ್ತು ಅವರು ಅದನ್ನು ಮಗನಿಗೇ ಕೊಡುವುದಿಲ್ಲ.